ಎವಾಂಥಿಯಾ ದಾನ ಕೊಟ್ಟ ಅಂಡಗಳು

ನನ್ನ ನಾದಿನಿ ಎವಾಂಥಿಯಾಳ ಬಾಯಿ ಜೋರು, ಕೈ ಇನ್ನೂ ಧಾರಾಳ. ಗ್ರೀಸಿನ ಕವಾಲಾ ಬಂದರಿನ ಕಾರ್ಖಾನೆಯಲ್ಲಿ ಬೂತಾಯಿ ಮೀನಿನ ತಲೆ ಚಿವುಟಿ ಡಬ್ಬಿಗೆ ತುಂಬುವುದು ಅವಳ ಕೆಲಸ. ಯಾರು ಏನು ಕೇಳಿದರೂ ಇಲ್ಲ ಅಂದವಳಲ್ಲ. ಪಕ್ಕದ ಮನೆಯವಳು ಚೆನ್ನಾಗಿದೆ ಅಂದಳೆಂದು ಮೈಮೇಲಿನ ಸ್ವೆಟರನ್ನೇ ಬಿಚ್ಚಿ ಕೊಟ್ಟು ನಡುಗುತ್ತ ಮನೆಗೆ ಬಂದವಳು.

ಅವಳ ಮಗ ಪಾಸ್ಖಾಲಿಸ್ ಇನ್ನೂ ತೊದಲುತ್ತಿದ್ದಾಗ, ಜೊತೆಯ ಕೆಲಸದವಳೊಬ್ಬಳು ಇವಳನ್ನು ಸಲೋನಿಕಾದ ಬಂಜೆತನದ ಆಸ್ಪತ್ರೆಗೆ ಕರೆದುಕೊಂಡು ಹೋದಳು. ಹೆತ್ತ ಎರಡು ಕೂಸುಗಳನ್ನೂ ನಡೆಯುವ ಮೊದಲೇ ಮಣ್ಣು ಮಾಡಿದ್ದ ಹೆಂಗಸೊಬ್ಬಳಿಗೆ ಆರೋಗ್ಯವಂತ ತಾಯಿಯೊಬ್ಬಳ ಅಂಡ ಬೇಕಿತ್ತು. ಆ ಭಾನುವಾರ ಊಟಕ್ಕೆ ಕೂತಾಗ ಎವಾಂಥಿಯಾ ನಮಗೆಲ್ಲ ಪಾಠ ಮಾಡಿದಳು.

"ಜೀವಕೋಶದೊಳಗೆ ಮೈಟೊಕಾಂಡ್ರಿಯ ಅಂತ ಇರ್ತವಂತೆ, ಪುಟ್ಟ ಪುಟ್ಟ ಒಲೆಗಳು. ಅವಳ ಒಲೆ ಕೆಟ್ಟಿದೆ. ಅದಕ್ಕೇ ಕೂಸುಗಳು ಉಳೀಲಿಲ್ಲ. ನನ್ನ ಅಂಡದಿಂದ ನನ್ನ ತಿರುಳು ತೆಗೆದು ಅವಳದನ್ನ ಇಡ್ತಾರೆ. ಮೂಗು, ಕೂದಲು, ಗುಣ ಎಲ್ಲ ಅವಳದೇ. ಒಲೆ ಮಾತ್ರ ನಂದು."

ಅತ್ತೆ ಎದೆಮೇಲೆ ಶಿಲುಬೆ ಗುರುತು ಹಾಕಿಕೊಂಡರು. "ಇಬ್ಬರು ಹೆಂಗಸರಿಗೆ ಒಂದು ಮಗು! ಪಾದ್ರಿನ ಕೇಳಿದ್ಯೇನೆ?"

"ಪಾದ್ರಿ ಹತ್ರ ಅಂಡ ಎಲ್ಲಿರತ್ತಮ್ಮ ಕೇಳೋಕೆ?"

ನನ್ನ ಗಂಡ ಸ್ಟ್ರಾಟಿಸ್ ನಕ್ಕು ನಕ್ಕು ಕೆಮ್ಮಿದ.

ವಂಶದಲ್ಲಿ ಏನಾದರೂ ಕಾಯಿಲೆ ಇದೆಯೇ ಎಂದು ಆಸ್ಪತ್ರೆಯವರು ಕೇಳಿದ್ದರು. ಇಲ್ಲ ಅಂದಿದ್ದಳು. ಅತ್ತೆಯ ತಮ್ಮನೊಬ್ಬ ಮೀಸೆ ಚಿಗುರುವ ವಯಸ್ಸಿಗೇ ಕುರುಡನಾಗಿದ್ದ, ನಿಜ. ಆದರೆ ಅದು ಕಳ್ಳಭಟ್ಟಿಯ ಕಾಟ ಎಂದೇ ಇಡೀ ಕೇರಿ ನಂಬಿತ್ತು. ಕುಡಿತವನ್ನು ಯಾರು ವಂಶದ ಕಾಯಿಲೆ ಅಂತಾರೆ?

ಗಂಡುಮಗು ಹುಟ್ಟಿತು. ಹೆಸರಿಲ್ಲದೆ, ಊರಿಲ್ಲದೆ ಪೇಪರಿನಲ್ಲಿ ಸುದ್ದಿ ಬಂತು. ಎವಾಂಥಿಯಾ ಕಾರ್ಖಾನೆಯಲ್ಲೆಲ್ಲ ಸಿಹಿ ಹಂಚಿದಳು.

ಪಾಸ್ಖಾಲಿಸ್ ಹೈಸ್ಕೂಲು ಸೇರಿದ ವರ್ಷದ ಮಾತು. ಒಂದು ಬೆಳಗ್ಗೆ ಸ್ಟ್ರಾಟಿಸ್ ಕಾಫಿ ಕುಡಿಯುವುದು ಬಿಟ್ಟು ನನ್ನನ್ನೇ ದಿಟ್ಟಿಸುತ್ತ ಕೂತ.

"ಏನ್ರೀ, ಹೊಸದಾಗಿ ನೋಡ್ತಿದ್ದೀರಾ?"

"ವಾಯಾ, ನಿನ್ನ ಕಿವಿ ಕಾಣ್ತಿದೆ. ಕಿವಿಯೋಲೆ ಕಾಣ್ತಿದೆ. ಮುಖ ಇಲ್ಲ."

ನೋವಿಲ್ಲ, ಕೆಂಪಿಲ್ಲ. ಬಲಗಣ್ಣಿನ ನಡುಭಾಗದ ನೋಟ ಆಗಲೇ ಹೋಗಿತ್ತು, ಈಗ ಎಡಗಣ್ಣಿನದೂ. ಬಂದರಿನಲ್ಲಿ ಕ್ರೇನ್ ನಡೆಸುತ್ತಿದ್ದವನು ಸುಸ್ತಿರಬೇಕೆಂದು ಬಾಯಿಬಿಟ್ಟಿರಲಿಲ್ಲ.

ನಮ್ಮ ಮಗಳನ್ನು ಅತ್ತೆಯ ಹತ್ತಿರ ಬಿಟ್ಟು, ಎವಾಂಥಿಯಾಳೂ ಸೇರಿ ನಾವು ಮೂವರೂ ಕಣ್ಣಿನ ಡಾಕ್ಟರರ ಹತ್ತಿರ ಹೋದೆವು. ರಕ್ತಪರೀಕ್ಷೆಯ ಫಲ ಬಂದ ಮೇಲೆ ಆಕೆ ಕೇಳಿದ ಮೊದಲ ಪ್ರಶ್ನೆ: "ನಿಮ್ಮ ತಾಯಿಯ ಕಡೆ ಯಾರಿಗಾದರೂ ಕಣ್ಣು ಹೋಗಿತ್ತಾ?"

ಸೋದರಮಾವನ ವಿಷಯ ಕೇಳಿ ಆಕೆ ತಲೆಯಾಡಿಸಿದರು. "ಮೈಟೊಕಾಂಡ್ರಿಯದ ದೋಷ. ತಾಯಿಯಿಂದ ಮಾತ್ರ ಮಕ್ಕಳಿಗೆ ಬರತ್ತೆ. ಗಂಡುಮಕ್ಕಳಲ್ಲಿ ಹೆಚ್ಚುಕಮ್ಮಿ ಅರ್ಧ ಜನಕ್ಕೆ ಕಣ್ಣು ಹೋಗತ್ತೆ, ಹೆಣ್ಣುಮಕ್ಕಳಲ್ಲಿ ಕಡಿಮೆ. ಸಿಗರೇಟು, ಹೆಂಡ ಇದಕ್ಕೆ ಬೆಂಕಿಗೆ ತುಪ್ಪ ಇದ್ದ ಹಾಗೆ. ಸ್ಟ್ರಾಟಿಸ್, ನಿಮ್ಮ ಮಗಳಿಗೆ ಭಯವಿಲ್ಲ. ತಂದೆಯಿಂದ ದಾಟಲ್ಲ."

ನಾನು ದೇವರೇ ಎಂದು ಉಸಿರು ಬಿಟ್ಟೆ. ಬಿಟ್ಟ ಮೇಲೆ ನಾದಿನಿಯ ಮುಖ ನೋಡಿದೆ. ಅದು ಸುಣ್ಣದ ಗೋಡೆಯಂತಾಗಿತ್ತು.

"ನನ್ನ ಮಗ?" ಅಂದಳು. ಡಾಕ್ಟರು ಉತ್ತರ ಕೊಡುವ ಮೊದಲೇ, "ಆ ಮಗು?" ಅಂದಳು.

ಅವಳ ರಕ್ತದಲ್ಲೂ ಅದೇ ದೋಷ ಸಿಕ್ಕಿತು. ಸಲೋನಿಕಾಕ್ಕೆ ನಾನೂ ಜೊತೆಗೆ ಹೋದೆ. ಆಸ್ಪತ್ರೆಯ ಹಿರಿಯ ಡಾಕ್ಟರು ನಯವಾಗಿ ಮಾತಾಡಿಸಿ ಕಾಫಿ ತರಿಸಿದರು.

"ಆ ಹುಡುಗ ಆರೋಗ್ಯವಾಗಿದ್ದಾನೆ. ಕಣ್ಣು ಎಂದೂ ಕೆಡದೆಯೂ ಇರಬಹುದು. ಬಾರದ ಕಾಯಿಲೆಗೆ ಒಂದು ಸಂಸಾರವನ್ನ ದಿನಾ ಯಾಕೆ ಸಾಯಿಸ್ತೀರಿ? ಅಂಡ ಕೊಟ್ಟವರ ಸುದ್ದಿಯೇ ಬೇಡ ಅಂತ ಅವನ ತಂದೆತಾಯಿಯೇ ಹೇಳಿದ್ದಾರೆ."

"ನಂಟಸ್ತಿಕೆ ಬೆಳೆಸೋಕೆ ಬಂದಿಲ್ಲ ನಾನು. ಸಿಗರೇಟು ಮುಟ್ಟಬೇಡ ಅಂತ ಆ ಹುಡುಗನಿಗೆ ಹೇಳಿ ಸಾಕು. ಅವತ್ತು ನನ್ನ ಒಲೆ ಯಾಕೆ ಪರೀಕ್ಷೆ ಮಾಡ್ಲಿಲ್ಲ ನೀವು?"

"ಆಗ ನಮಗೆ ನಿಮ್ಮ ಮಾತೇ ಸಾಕಾಗಿತ್ತು," ಅಂದರು.

ಆ ಮಾತು ಅವಳನ್ನು ಕೊರೆಯತೊಡಗಿತು. ಅಣ್ಣನಿಗೆ ತುತ್ತು ಮಾಡಿ ಕೊಡಲು ಬರುತ್ತಿದ್ದಳು, ಅರ್ಧಕ್ಕೆ ನಿಲ್ಲಿಸಿ, "ನಾನು ಸುಳ್ಳು ಹೇಳಿದ್ನಾ ಅತ್ತಿಗೆ?" ಎಂದು ಕೇಳುತ್ತಿದ್ದಳು. ಮಗನಿಗೂ ಅವಳೇ ಹೇಳಿದಳು. ಪಾಸ್ಖಾಲಿಸ್ ಕೇಳಿಸಿಕೊಂಡು, ಬಾಗಿಲು ಹಾಕಿಕೊಂಡು, ಮರುದಿನದಿಂದ ಒಂದು ಕಣ್ಣು ಮುಚ್ಚಿ, ಇನ್ನೊಂದು ಮುಚ್ಚಿ, ಕನ್ನಡಿ ನೋಡಿಕೊಳ್ಳುವುದನ್ನು ಕಲಿತ.

ಆ ಹುಡುಗನಿಗೆ ಹೇಳಿದರೋ ಇಲ್ಲವೋ, ತಿಂಗಳುಗಳು ಕಳೆದರೂ ಆಸ್ಪತ್ರೆಯಿಂದ ಉತ್ತರ ಬರಲಿಲ್ಲ. ಕೊನೆಗೆ ಅವಳು ಟೀವಿಯವರ ಮುಂದೆ ಕೂತು, ಮುಖ ಮರೆಸದೆ, ಆಸ್ಪತ್ರೆಯ ಹೆಸರು, ವರ್ಷ, ರೋಗ, ತನ್ನ ಫೋನ್ ನಂಬರು ಎಲ್ಲ ಹೇಳಿದಳು. ಆ ಹುಡುಗನ ತಾಯಿ ಕೇಳಲಿ ಎಂಬುದೊಂದೇ ಆಸೆ.

ಫೋನು ಬಂತು. ಲಾರಿಸಾದಿಂದ ಒಬ್ಬಳು. ಆಮೇಲೆ ಇಟಲಿಯಿಂದ, ಹರಕುಮುರುಕು ಗ್ರೀಕಿನಲ್ಲಿ, ಇನ್ನೊಬ್ಬಳು. ಆಮೇಲೆ ಸೈಪ್ರಸ್ಸಿನಿಂದ. ಎಲ್ಲರೂ ಅದೇ ಆಸ್ಪತ್ರೆ, ಅದೇ ವರ್ಷ, ಇಲ್ಲವೇ ಮರುವರ್ಷ. ಎಲ್ಲರ ಪ್ರಶ್ನೆಯೂ ಒಂದೇ: "ನಂಗೆ ಹಾಕಿದ್ದು ನಿಮ್ಮ ಅಂಡಾನಾ?"

ಒಂದೇ ಮಗು ಅಂದುಕೊಂಡಿದ್ದಳು ಎವಾಂಥಿಯಾ. ತೆಗೆದ ಅಂಡಗಳಲ್ಲಿ ಉಳಿದವನ್ನು ಮಂಜುಗಟ್ಟಿಸಿಟ್ಟು ಏನು ಮಾಡಿದರೆಂದು ಯಾರೂ ಅವಳಿಗೆ ಹೇಳಿರಲಿಲ್ಲ. ಆಸ್ಪತ್ರೆಯವರು ಈಗ ವಕೀಲರ ಮೂಲಕ ಮಾತ್ರ ಮಾತಾಡುತ್ತಾರೆ.

ಒಮ್ಮೆ ನಾನು ಅಲ್ಲೇ ಕೂತಿದ್ದಾಗ ಬಂದ ಕರೆಯನ್ನು ಅವಳು ಗಟ್ಟಿಯಾಗಿ ಕೇಳುವಂತೆ ಇಟ್ಟಳು. ಹೆಂಗಸಿನ ತೆಳು ದನಿ, ಹಿಂದೆ ಬಸ್ಸುಗಳ ಸದ್ದು.

"ನಂದು ಹೆಣ್ಣುಮಗು, ಅಕ್ಕ. ಹೆಣ್ಣಾದ್ರೆ ಭಯ ಇಲ್ಲ ಅಲ್ವಾ?"

ಎವಾಂಥಿಯಾ ನನ್ನತ್ತ ನೋಡಿದಳು. ಹೇಳಬೇಡ ಎಂದು ನಾನು ಕೈಯಾಡಿಸಿದೆ.

"ಅವಳ ಕಣ್ಣು ಉಳಿಯೋ ಸಾಧ್ಯತೆನೇ ಜಾಸ್ತಿ ತಾಯಿ. ಮೊದಲು ರಕ್ತ ಪರೀಕ್ಷೆ ಮಾಡಿಸು," ಅಂದಳು. ಫೋನನ್ನು ಹತ್ತಿರಕ್ಕೆ ಎಳೆದುಕೊಂಡು, "ನಂದೇ ಆಗಿದ್ರೆ, ಅವಳು ಹೆರೋ ಮಕ್ಕಳಿಗೆಲ್ಲ ಹೋಗತ್ತೆ. ಅವಳ ಹೆಣ್ಣುಮಕ್ಕಳು ಹೆರೋ ಮಕ್ಕಳಿಗೂ."

ಆ ಕಡೆ ಬಸ್ಸೊಂದು ನಿಂತು ಹೊರಟದ್ದು ಕೇಳಿಸಿತು. ಕರೆ ಕಡಿದುಹೋಯಿತು.

ನಂಬರು ಬದಲಿಸು ಎಂದು ಅವಳ ಗಂಡ ಗೋಗರೆಯುತ್ತಾನೆ. ಅವಳು ಒಪ್ಪಿಲ್ಲ. ಕಾರ್ಖಾನೆಯಲ್ಲಿ ಕೈತುಂಬ ಮೀನಿದ್ದರೂ, ಫೋನು ಗುಂಯ್ ಅಂದರೆ ಏಪ್ರನ್ನಿಗೆ ಕೈ ಒರೆಸಿಕೊಂಡು ಹೊರಗೆ ಓಡುತ್ತಾಳೆ.