ರಷ್ಯನ್ ಅಧಿಕಾರಿಯ ಎಡಗೈ ಪತ್ರ

ನೆದರ್ಲೆಂಡ್ಸಿನ ಗ್ರೋನಿಂಗನ್‌ನಲ್ಲಿ ನಾನು ಸಂಶೋಧನೆಗೆ ಆರಿಸಿಕೊಂಡಿದ್ದು ಇನ್ನೂರು ವರ್ಷಗಳ ಹಿಂದೆ ಯುರೋಪಿನ ಯುದ್ಧಗಳಲ್ಲಿ ಕಾದಾಡಿದ ರಷ್ಯನ್ ಸೇನೆಯ ಅಧಿಕಾರಿಗಳನ್ನು. ಮೂರು ವರ್ಷ ಅವರ ಸೇವಾ ದಾಖಲೆಗಳನ್ನೇ ಓದಿದ್ದೆ. ಯಾರು ಯಾವ ದರ್ಜೆಗೆ ಏರಿದರು, ಎಲ್ಲಿ ಗಾಯಗೊಂಡರು ಎಂಬುದೆಲ್ಲ ಗೊತ್ತಿತ್ತು. ಒಬ್ಬನ ದನಿಯೂ ಕೇಳಿಸಿರಲಿಲ್ಲ.

ನಾನು ಬಾಡಿಗೆಗಿದ್ದ ಮನೆಯೊಡತಿಗೆ ಎಂಬತ್ತು ದಾಟಿತ್ತು. ಒಂದು ಭಾನುವಾರ ಕಾಫಿಗೆ ಕರೆದವರು ನನ್ನ ಓದಿನ ವಿಷಯ ಕೇಳಿ, ಎದ್ದುಹೋಗಿ, ಹಳೆಯ ಬೈಬಲ್ಲಿನೊಳಗಿಂದ ಒಂದು ಕಾಗದ ತಂದರು. ಫ್ರೆಂಚರನ್ನು ಅಟ್ಟಿಕೊಂಡು ರಷ್ಯನ್ನರು ಈ ಕಡೆ ಬಂದ ಚಳಿಗಾಲದಲ್ಲಿ ಮನೆಯೊಡತಿಯ ಪೂರ್ವಜರ ಮನೆಯಲ್ಲಿ ಯುವ ಅಧಿಕಾರಿಯೊಬ್ಬ ತಂಗಿದ್ದನಂತೆ. ಹೋದ ಮೇಲೆ ಆ ಮನೆಯ ಯಜಮಾನಿಗೆ ಇದನ್ನು ಕಳಿಸಿದ್ದ.

“ಲವ್ ಲೆಟರ್ ಅಂತ ನಮ್ಮಜ್ಜಿ ಯಾರಿಗೂ ತೋರಿಸ್ತಿರ್ಲಿಲ್ಲ. ಅಕ್ಷರ ನೋಡು, ಕೋಳಿ ಕೆದರಿದ ಹಾಗಿದೆ. ಓದೋಕಾಗುತ್ತಾ ನಿಂಗೆ?”

“ಟ್ರೈ ಮಾಡ್ತೀನಿ, ಕೊಡಿ.”

ಭಾಷೆ ಫ್ರೆಂಚ್. ಶತ್ರುವಿನ ಭಾಷೆಯಾದರೂ ಆ ಅಧಿಕಾರಿಗಳಲ್ಲಿ ಅನೇಕರು ಅದರಲ್ಲೇ ಬರೆಯುತ್ತಿದ್ದರು. ಮೈಸೂರಿನ ಕಾಲೇಜಿನಲ್ಲಿ ಅಂಕಗಳ ಆಸೆಗೆ ಕಲಿತ ಫ್ರೆಂಚ್ ಅಂದು ಕೈಹಿಡಿಯಿತು. ಆದರೂ ಎಂಟು ಸಾಲು ಬಿಡಿಸಲು ಇಡೀ ಮಧ್ಯಾಹ್ನ ಬೇಕಾಯಿತು.

ಕಾಗದದಿಂದ ತಿಳಿದದ್ದು ಇದು: ಅವನ ಬಲಗೈಗೆ ಗುಂಡು ತಗುಲಿತ್ತು. ಅಲ್ಲಿದ್ದಷ್ಟು ದಿನವೂ ಅವನು ಹೇಳಿದ್ದನ್ನು ಬರೆದು ಅವನ ತಾಯಿಗೆ ಕಳಿಸುತ್ತಿದ್ದವಳು ಆ ಯಜಮಾನಿಯೇ. ಮುಂದೆ ಹೀಗಿತ್ತು: ಕೈಯನ್ನು ಉಳಿಸಲಾಗಲಿಲ್ಲ. ಈಗ ಎಡಗೈಯಲ್ಲಿ ಬರೆಯಲು ಕಲಿತಿದ್ದೇನೆ. ಮೊದಲ ಪತ್ರ ಅಮ್ಮನಿಗೆ ಹೋಯಿತು, ಎರಡನೆಯದು ನಿಮಗೆ. ಅಕ್ಷರಗಳನ್ನು ಮಕ್ಕಳಿಗೆ ತೋರಿಸಿ, ಅವರು ನಗಲಿ.

ಮನೆಯೊಡತಿಗೆ ಸಾಲು ಸಾಲಾಗಿ ಓದಿ ಹೇಳಿದೆ. ‘ಬಲಗೈಗೆ ಗಾಯ’ ಎಂಬ ಸಾಲನ್ನು ದಾಖಲೆಗಳಲ್ಲಿ ಎಷ್ಟು ಸಲ ನಿಲ್ಲದೆ ದಾಟಿಹೋಗಿದ್ದೆನೋ.

ಮನೆಯೊಡತಿ ಕಾಗದದ ಮೇಲೆ ಅಂಗೈ ಇಟ್ಟರು. “ಮಕ್ಕಳಿಗೆ ತೋರಿಸಿ ಅಂದಿದಾನೆ. ನಾವು ನೋಡಿದ್ರೆ ಬಚ್ಚಿಟ್ಬಿಟ್ವಲ್ಲ,” ಎಂದರು.

ಆಮೇಲೆ ಕಣ್ಣೊರೆಸಿಕೊಂಡು, ಆಮರ್ಸ್‌ಫೋರ್ಟ್‌ನಲ್ಲಿದ್ದ ತಂಗಿಗೆ ಫೋನ್ ಹಚ್ಚಿದರು. ಸ್ಪೀಕರ್ ಹಾಕಿದ್ದರು, ನನ್ನ ಅರೆಬರೆ ಡಚ್‌ಗೂ ಎಲ್ಲ ಅರ್ಥವಾಯಿತು.

“ಅದು ಲವ್ ಲೆಟರ್ ಅಲ್ವಂತೆ ಕಣೇ! ಥ್ಯಾಂಕ್ಸ್ ಹೇಳಿದಾನೆ, ಅಷ್ಟೇ.”

ತಂಗಿ ಪೂರ್ತಿ ಕೇಳಿಸಿಕೊಂಡರು. ಕೊನೆಗೆ ಅಂದರು: “ಅಷ್ಟು ಕಷ್ಟಪಟ್ಟು ಎಡಗೈಲಿ ಬರ್ದಿದಾನೆ. ಲವ್ ಅಲ್ದೆ ಇನ್ನೇನು ಅದು?”

ಅಕ್ಕತಂಗಿಯರ ವಾದ ಅರ್ಧ ಗಂಟೆ ನಡೆಯಿತು. ಇಬ್ಬರೂ ನನ್ನನ್ನೇ ತೀರ್ಪು ಕೇಳಿದರು. ಗೊತ್ತಿಲ್ಲ ಎಂದೆ; ಮನಸ್ಸಿನಲ್ಲಿ ಮಾತ್ರ ತಂಗಿಯ ಕಡೆಗಿದ್ದೆ.