ತಂಗಿಗೆ ಲೆಕ್ಕ ಬಂತು

ಬೆಟಗೇರಿಯ ನಮ್ಮ ಮನೆಯ ಪಡಸಾಲೆಯಲ್ಲಿ, ಲೆಕ್ಕದಲ್ಲಿ ಹಿಂದೆ ಬಿದ್ದ ಸಣ್ಣ ಮಕ್ಕಳಿಗೆ ನಾನು ಸಂಜೆ ಪಾಠ ಹೇಳುತ್ತಿದ್ದೆ. ಒಂದು ದಿನ ಓಣಿಯ ಹೆಂಗಸೊಬ್ಬಳು ಮೂರನೇ ಇಯತ್ತೆಯ ತನ್ನ ಅವಳಿ ಹೆಣ್ಣುಮಕ್ಕಳನ್ನು ಕರೆತಂದಳು. ಮೊದಲು ಹುಟ್ಟಿದವಳು ಚುರುಕು. ಪಾಠ ಬೇಕಿದ್ದುದು ತಂಗಿಗೆ ಮಾತ್ರ.

"ಮತ್ತ ದೊಡ್ಡಾಕಿ ಯಾಕ?" ಎಂದೆ.

"ಇಕಿ ತಪ್ಪಿದ್ರ ಆಕಿ ಮೂಗು ಹಿಡದು ಕಪಾಳಕ್ಕ ಹೊಡೀಲಿ, ಅಕ್ಕೋರ. ಸಾಲ್ಯಾಗ ನಮಗೂ ಹಂಗ ಕಲಿಸ್ಯಾರ."

"ನಮ್ಮನ್ಯಾಗ ಅದೆಲ್ಲ ಬ್ಯಾಡ್ರಿ," ಎಂದೆ. ಆಕೆ ತಲೆ ಆಡಿಸಿ ಹೊಸ್ತಿಲ ಬಳಿಯೇ ಕುಳಿತಳು.

ತಂಗಿ ಐವತ್ತೆರಡರಲ್ಲಿ ಇಪ್ಪತ್ತೆಂಟು ಕಳೆದು ಮೂವತ್ತಾರು ಎಂದು ಬರೆದಳು. ಹೇಗೆಂದು ಕೇಳಿದೆ.

"ಎರಡರಾಗ ಎಂಟು ಹೋಗೂದಿಲ್ರಿ. ಅದಕ್ಕ ಎಂಟರಾಗ ಎರಡು ಕಳದೆ."

ಯೋಚಿಸಿ ಮಾಡಿದ ತಪ್ಪು ಅದು. ನಾನು ಬಾಯಿ ತೆರೆಯುವಷ್ಟರಲ್ಲಿ ತಾಯಿ ಕಣ್ಸನ್ನೆ ಮಾಡಿದಳು. ಅಕ್ಕ ಎದ್ದು ತಂಗಿಯ ಮೂಗು ಹಿಡಿದು ಹೊಡೆದಳು.

"ಹಂಗಲ್ಲ, ಜೋರ ಹೊಡಿ," ಎಂದಳು ತಾಯಿ. ಮತ್ತೆ ಹೊಡೆದಾಗ ಉಳಿದ ಮಕ್ಕಳು ನಕ್ಕರು.

ಮರುದಿನದಿಂದ ತಾಯಿಯನ್ನು ಒಳಗೆ ಬಿಡಲಿಲ್ಲ. ಕಸಬರಿಗೆ ಕಡ್ಡಿಗಳನ್ನು ಹತ್ತತ್ತರಂತೆ ನೂಲಿನಿಂದ ಕಟ್ಟಿ ತಂಗಿಯ ಮುಂದಿಟ್ಟೆ. ಬಿಡಿ ಕಡ್ಡಿ ಸಾಲದಾದಾಗ ಒಂದು ಕಟ್ಟು ಬಿಚ್ಚಬೇಕೆಂದು ತೋರಿಸಿದೆ. ಎಷ್ಟೋ ಸಂಜೆ ಅತ್ತಳು. ಆದರೂ ಬಿಡದೆ ಕಲಿತಳು. ಅಂಥ ಹಟವನ್ನು ನಾನು ಬೇರೆ ಮಕ್ಕಳಲ್ಲಿ ಕಂಡಿರಲಿಲ್ಲ. ನನಗೆ ಹೆಮ್ಮೆಯಾಗಿತ್ತು.

ಅಕ್ಕನೂ ದಿನಾ ಜೊತೆಗೆ ಬಂದು ಲೆಕ್ಕ ಮಾಡುತ್ತಿದ್ದಳು; ಒಂದು ಸಂಜೆ ಅವಸರದಲ್ಲಿ ಒಂದು ತಪ್ಪಿದಳು. ನನಗಿಂತ ಮೊದಲೇ ತಂಗಿ ಅದನ್ನು ಕಂಡಳು. ಎದ್ದು ಹೋಗಿ, ಅಕ್ಕನ ಮೂಗು ಹಿಂಡಿ, ಕೈ ಹಿಂದಕ್ಕೆ ಬೀಸಿ ಹೊಡೆದಳು. ಅಕ್ಕನ ಕಿವಿಯೋಲೆ ಕಳಚಿ ಮೂಲೆಗೆ ಹೋಗಿ ಬಿತ್ತು. ನೂರು ಲೆಕ್ಕ ಸರಿ ಬಂದಾಗಲೂ ಕಾಣದ ಖುಷಿ ಆ ಪುಟ್ಟ ಮುಖದಲ್ಲಿತ್ತು.

"ಯಾಕವಾ ಹೊಡದಿ?" ಎಂದು ಅವಳನ್ನು ಎಳೆದುಕೊಂಡೆ.

"ಈಗ ನಂಗ ಲೆಕ್ಕ ಬರತೈತ್ರಿ," ಎಂದಳು.

ತಾಯಿಗೆ ಹೇಳಿದರೆ ಆಕೆ ನಕ್ಕಳು. "ನೋಡ್ರಿ, ಹೊಡತಕ್ಕ ಹೆಂಗ ಬಂತು!"

"ಹಂಗಾದ್ರ ನಾಳಿಂದ ಕಳಿಸಬ್ಯಾಡ್ರಿ," ಎಂದೆ. ಆಕೆ ಕಳಿಸಲಿಲ್ಲ.

ಮುಂದಿನ ವರ್ಷ ಗದಗದ ಬಸ್ ನಿಲ್ದಾಣದಲ್ಲಿ ಮೂವರೂ ಸಿಕ್ಕರು. "ಈಗ ಸಣ್ಣಾಕಿನ ಫಸ್ಟ್ ಬರತಾಳ್ರಿ. ದೊಡ್ಡಾಕಿ ದಡ್ಡಿ ಆಗ್ಯಾಳ," ಎಂದಳು ತಾಯಿ. ದೊಡ್ಡವಳು ನೆಲ ನೋಡುತ್ತಿದ್ದಳು. ತಂಗಿ ನನ್ನ ಸೆರಗು ಜಗ್ಗಿದಳು.

"ಅಕ್ಕೋರ, ಒಂದು ಲೆಕ್ಕ ಕೇಳ್ರಿ. ಇಬ್ಬರಿಗೂ ಕೇಳ್ರಿ."