ಕಂಡಕ್ಟರ್ ಸಾಹೇಬರ ಮನೆಯ ಜಾಯಿಂಟು

2006ರ ಏಪ್ರಿಲ್. ಕೊಪ್ಪಳ ಮತ್ತು ಭಾಗ್ಯನಗರದ ಮನೆಗಳಲ್ಲಿ ನಳ, ಪಾಯಿಖಾನೆ, ನೆಲದೊಳಗಿನ ಪೈಪುಗಳ ಕೆಲಸ ಮಾಡುವ ಮಿಸ್ತ್ರಿಯಾಗಿ ನಾನು ದುಡಿಯತೊಡಗಿ ಆಗ ಹದಿನೆಂಟು ವರ್ಷವಾಗಿತ್ತು. ಸೋರುವ ಪೈಪೆಂದರೆ ನನಗೆ ಅಂಜಿಕೆಯೇ ಇರಲಿಲ್ಲ.

ಭಾಗ್ಯನಗರದ ಶಾರದಮ್ಮ ಪ್ರಾಥಮಿಕ ಶಾಲೆಯ ಶಿಕ್ಷಕಿ. ಓಣಿಯವರೆಲ್ಲ ಅಕ್ಕೋರು ಎನ್ನುತ್ತಿದ್ದರು. ಪತಿ ಬಸವರಾಜಪ್ಪ ಕುಷ್ಟಗಿ ಕಡೆಯ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವರು. ಎರಡು ವರ್ಷದ ಹಿಂದೆ ಲಕ್ವ ಹೊಡೆದು ಅವರ ಎಡಗೈ, ಎಡಗಾಲು ಬಿದ್ದಿದ್ದವು. ಗೋಡೆ ಹಿಡಿದು ಕಾಲೆಳೆಯುತ್ತ ಮಂಚದಿಂದ ಪಾಯಿಖಾನೆಗೆ ಒಂಬತ್ತು ಹೆಜ್ಜೆ ನಡೆಯುತ್ತಿದ್ದರು. ಇಡೀ ದಿನದಲ್ಲಿ ಅವರು ತಮ್ಮ ಕಾಲ ಮೇಲೆ ಹೋಗುತ್ತಿದ್ದುದು ಅದೊಂದೇ ಜಾಗಕ್ಕೆ.

ಆ ಪಾಯಿಖಾನೆಯೇ ಕಟ್ಟಿಕೊಂಡಿತ್ತು. ಅದರ ಪೈಪು ಹಾಯುವ ಅಡುಗೆಮನೆಯ ನೆಲದ ಫರಸಿ ಕಲ್ಲು ಎಬ್ಬಿಸಿ ಎರಡೂವರೆ ಅಡಿ ಅಗೆದೆ. ಸುಟ್ಟ ಜೇಡಿಮಣ್ಣಿನ ಹಳೆಯ ಪೈಪಿನೊಳಗೆ ಬೇವಿನ ಬೇರು ಜಡೆಯಂತೆ ಹೆಣೆದುಕೊಂಡಿತ್ತು. ಹನ್ನೆರಡು ಅಡಿ ಪೈಪು ತೆಗೆದು, ನಲವತ್ತು ಅಡಿಗೆ ಒಂದು ಅಡಿಯಂತೆ ಇಳುಕಲು ಕೊಟ್ಟು ನಾಲ್ಕು ಇಂಚಿನ ಪಿವಿಸಿ ಹಾಕಿದೆ. ಗೋಡೆಯ ಬುನಾದಿ ದಾಟಿ ಹಿತ್ತಲಿನ ಸೆಪ್ಟಿಕ್ ಟ್ಯಾಂಕಿಗೆ ಹೋಗುವ ಹಳೆಯ ತುಂಡನ್ನು ಮಾತ್ರ ಉಳಿಸಿಕೊಂಡೆ. ಅದರ ಅಗಲ ಬಾಯಿಗೆ ಹೊಸ ಪೈಪಿನ ತುದಿ ಸೇರಿಸಿ, ಸುತ್ತ ಸಣಬು ತುರುಕಿ, ಸಿಮೆಂಟು ಮೆತ್ತಿದೆ. ನುಣುಪಾದ ಪಿವಿಸಿಗೆ ಸಿಮೆಂಟು ಹಿಡಿಯುವುದಿಲ್ಲ. ಅದಕ್ಕೇ ಮೊದಲು ಅಂಟು ಸವರಿ ಮರಳು ಉದುರಿಸಿದ್ದೆ.

"ಅಕ್ಕೋರ, ನಾಳೆ ಇಷ್ಟೊತ್ತಿನ ತನಕ ಒಂದ್ ಹನಿ ನೀರೂ ಬಿಡಬ್ಯಾಡ್ರಿ" ಎಂದು ಹೇಳಿ ಹೋದೆ. ಎಲ್ಲ ಮನೆಗಳಲ್ಲೂ ಹೇಳುವ ಮಾತೇ ಅದು.

ಮರುದಿನ ಬಂದು ನೋಡಿದರೆ ಸಿಮೆಂಟು ತೊಳೆದು ಹೋಗಿತ್ತು. ಗುಂಡಿಯಲ್ಲಿ ಹೊಲಸು ನಿಂತಿತ್ತು. ಹಾಸಿಗೆಯಲ್ಲೇ ಬಳಸಲೆಂದು ಅಕ್ಕೋರು ತಂದಿಟ್ಟಿದ್ದ ಪಾತ್ರೆಯನ್ನು ಬಸವರಾಜಪ್ಪ ದೂಡಿ, ಹೆಂಡತಿ ಶಾಲೆಗೆ ಹೋದಾಗ ಒಬ್ಬರೇ ಎದ್ದು ನಡೆದಿದ್ದರು.

ನನಗೆ ಸಿಟ್ಟು ನೆತ್ತಿಗೇರಿತು. "ಏನ್ರಿ ಸಾಹೇಬ್ರ, ಮಾಡಿದ್ದೆಲ್ಲಾ ಹಾಳಾತಲ್ರಿ! ಒಂದ್ ದಿನ ತಡಕೊಳ್ಳಾಕ ಆಗಂಗಿಲ್ಲೇನ್ರಿ?"

ಅವರು ನನ್ನ ಮುಖ ನೋಡಲಿಲ್ಲ. "ತಪ್ಪಾತು ಮಿಸ್ತ್ರಿ. ಇನ್ನ ಹೋಗಂಗಿಲ್ಲ" ಎಂದರು. ಲಕ್ವದ ನಾಲಗೆ, ಅಷ್ಟು ಹೇಳಲು ಅವರಿಗೆ ಬಹಳ ಹೊತ್ತು ಹಿಡಿಯಿತು.

ಗುಂಡಿ ತೊಳೆದು ಜಾಯಿಂಟು ಬಿಚ್ಚಿದಾಗ ನಿಜ ಸಂಗತಿ ಕಂಡಿತು. ಬುನಾದಿಯೊಳಗಿನ ಹಳೆಯ ತುಂಡೇ ಉದ್ದಕ್ಕೆ ಸೀಳಿಹೋಗಿತ್ತು. ಅವರು ಹೋಗಿರದಿದ್ದರೂ ಅದು ಸೋರುತ್ತಲೇ ಇರುತ್ತಿತ್ತು. ಮೊದಲ ದಿನವೇ ನಾನು ಕೈಹಾಕಿ ನೋಡಬೇಕಿತ್ತು, ನೋಡಿರಲಿಲ್ಲ. ಅದನ್ನು ತೆಗೆಯಲು ಬುನಾದಿಯ ಕಲ್ಲು ಸರಿಸಬೇಕು, ಮೇಲಿನ ಗೋಡೆಗೆ ಆಸರೆ ಕೊಡಬೇಕು. ಅದು ನನ್ನ ಕೆಲಸವಲ್ಲ. ಗೊತ್ತಿದ್ದ ಕಲ್ಲುಕುಟಿಗ ಇಟಗಿಯಲ್ಲಿ ಮನೆ ಕಟ್ಟುತ್ತಿದ್ದ. ಎರಡು ದಿನ ಬಿಟ್ಟು ಬರುತ್ತೇನೆಂದ. ಕೊಪ್ಪಳದಲ್ಲಿ ಮೂವರನ್ನು ಕೇಳಿದೆ. ಗೋಡೆ ನೋಡಿ ಮೂವರೂ ಒಲ್ಲೆ ಎಂದರು.

ಆ ಎರಡು ದಿನವೂ ನಾನು ಅವರ ಮನೆಗೆ ಹೋದೆ. ಮಾಡುವುದಕ್ಕೇನೂ ಇರಲಿಲ್ಲ. ಬಾಯಿ ತೆರೆದ ಗುಂಡಿಯ ಅಂಚಿನಲ್ಲಿ ಕೂತು, ಹಲಗೆ ಮುಚ್ಚಿ ಬರುತ್ತಿದ್ದೆ. ಎರಡನೆಯ ದಿನ ಅಕ್ಕೋರು ನನ್ನನ್ನು ಅಂಗಳಕ್ಕೆ ಕರೆದರು.

"ಅಣ್ಣಾ, ಇವ್ರು ಊಟಾ ಬಿಟ್ಟಾರ. ನೀರೂ ಕುಡಿಯವಲ್ರು. ಕೇಳಿದ್ರ, ಡ್ಯೂಟಿಯೊಳಗ ಹೊರಗ ಹೋಗೂದು ಬರಬಾರ್ದಂತ ನೀರ್ ಕುಡೀದ ಇದ್ದಾಂವ ನಾನು, ರೂಢಿ ಐತಿ ಅಂತಾರ."

ಒಳಗೆ ಹೋಗಿ ಮಂಚದ ಪಕ್ಕ ಕೂತೆ. "ಸಾಹೇಬ್ರ, ತಪ್ಪು ನಂದ್ರಿ. ಪೈಪು ಮೊದಲ ಒಡೆದಿತ್ತು. ನೀವು ಹೋಗಿದ್ದಕ್ಕ ಕೆಟ್ಟಿಲ್ರಿ. ಒಂದ್ ಗುಟುಕು ಕುಡೀರಿ."

ತಮ್ಮ ಸಮಾಧಾನಕ್ಕೆ ಹೇಳುತ್ತಿದ್ದೇನೆ ಎಂದುಕೊಂಡರೋ ಏನೋ. ಬಲಗೈಯಿಂದ ನನ್ನ ಕೈ ತಟ್ಟಿ ಆ ಕಡೆ ಹೊರಳಿದರು. ನೀರಿನ ಲೋಟವನ್ನು ಮಂಚದ ಪಕ್ಕದಲ್ಲಿಟ್ಟು ಹೊರಗೆ ಬಂದೆ. ಒಡೆದ ಪೈಪನ್ನು ಬದಲಿಸಬಹುದು. ಆಡಿದ ಮಾತನ್ನು ಹೇಗೆ ಬದಲಿಸುವುದು?

ಮರುದಿನ ಬೆಳಿಗ್ಗೆ ಕಲ್ಲುಕುಟಿಗ ಬಂದ. ಗೋಡೆಗೆ ಆಸರೆ ಕೊಟ್ಟು ಕಲ್ಲು ಸರಿಸಿದ. ಟ್ಯಾಂಕಿಯವರೆಗೂ ಪಿವಿಸಿ ಎಳೆದು, ಪಿವಿಸಿಗೆ ಪಿವಿಸಿಯನ್ನೇ ಅಂಟಿನಿಂದ ಕೂಡಿಸಿದೆ. ಸಿಮೆಂಟಿನ ಜಾಯಿಂಟೇ ಉಳಿಯಲಿಲ್ಲ. ಮಧ್ಯಾಹ್ನದ ಮೇಲೆ ಹತ್ತು ಕೊಡ ನೀರು ಬಿಟ್ಟು ಪ್ರತಿ ಕೂಡಿಕೆಯ ಅಡಿಗೆ ಒಣ ಬೂದಿ ಹಾಕಿ ನೋಡಿದೆ. ಬೂದಿ ಒದ್ದೆಯಾಗಲಿಲ್ಲ.

"ಸಾಹೇಬ್ರ, ಏಳ್ರಿ, ಆತು!" ಎಂದು ಒಳಗೆ ಓಡಿದೆ.

ಅವರಿಗೆ ಏಳಲಾಗಲಿಲ್ಲ. ತುಟಿಗಳು ಒಣಗಿ ಬಿರಿದಿದ್ದವು. ಕಣ್ಣು ತೆರೆದು ಮತ್ತೆ ಮುಚ್ಚಿದರು. ನಾನೂ ಕಲ್ಲುಕುಟಿಗನೂ ಅವರನ್ನು ಎತ್ತಿ ಆಟೋದಲ್ಲಿ ಹಾಕಿ ಕೊಪ್ಪಳದ ಆಸ್ಪತ್ರೆಗೆ ಒಯ್ದೆವು. ಐದು ದಿನ ಸಲೈನ್ ಹಚ್ಚಿದರು. ಜೀವ ಉಳಿಯಿತು. ಆದರೆ ಕಾಲಿಗೆ ಮತ್ತೆ ನಡೆಯುವಷ್ಟು ಬಲ ಬರಲಿಲ್ಲ. ಆಮೇಲೆ ಅವರು ನಾಲ್ಕು ವರ್ಷ ಬದುಕಿದರು, ಹಾಸಿಗೆಯಲ್ಲೇ. ನಾನು ಅವರಿಗಾಗಿ ಸರಿಮಾಡಿದ ಪಾಯಿಖಾನೆಗೆ ಅವರು ಒಮ್ಮೆಯೂ ಹೋಗಲಿಲ್ಲ.

 

ಈಗಲೂ ಯಾರ ಮನೆಗೆ ಹೋದರೂ, ಸಲಿಕೆ ಕೆಳಗಿಡುವ ಮುನ್ನ ಕೇಳುತ್ತೇನೆ: "ಮನ್ಯಾಗ ನಡ್ಯಾಕ ಆಗದವ್ರು ಯಾರರ ಅದಾರೇನ್ರಿ?" ಇದ್ದಾರೆಂದರೆ, ಅವರಿಗೆ ಬೇರೆ ವ್ಯವಸ್ಥೆಯಾಗುವವರೆಗೆ ಫರಸಿ ಎಬ್ಬಿಸುವುದಿಲ್ಲ.